ಜಾರಿದ ಹೆಜ್ಜೆಯನ್ನು ತಿಳಿಸುವ ಧರ್ಮ

ದೋಷವಾಗದಂತೆ ನಡೆಯುವುದಕ್ಕೆ ಜೈನಾಚಾರದಲ್ಲಿ ಎಷ್ಟು ಮಹತ್ತ್ವವಿದೆಯೋ, ಆಗಿಹೋದ ದೋಷವನ್ನು ಅರಿಕೆ ಮಾಡಿಕೊಳ್ಳುವುದಕ್ಕೂ ಅಷ್ಟೇ ಮಹತ್ತ್ವವಿದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆಭ್ಯಂತರ ತಪಸ್ಸುಗಳನ್ನು ಎಣಿಸುವಾಗ ಉಮಾಸ್ವಾಮಿಗಳು ಪ್ರಾಯಶ್ಚಿತ್ತವನ್ನೇ ಮೊದಲಿಗೆ ಇರಿಸಿದ್ದಾರೆ. ಆ ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ. ಬಳಕೆಯ ಕನ್ನಡದಲ್ಲಿ ಈ ಮಾತಿಗೆ ಯೋಚನೆ ಎಂಬಷ್ಟೇ ಅರ್ಥವಿದೆ. ಆಗಮದಲ್ಲಿ ಅದರ ಅರ್ಥ ಬೇರೆ. ತಾನು ಮಾಡಿದ ತಪ್ಪನ್ನು ಗುರುವಿನ ಮುಂದೆ ಮರೆಮಾಚದೆ ನಿವೇದಿಸುವುದೇ ಆಲೋಚನೆ. ಉಪವಾಸವೂ ದೀಕ್ಷಾಚ್ಛೇದವೂ ಆ ಬಳಿಕ ಬರತಕ್ಕವು. ಹೇಳದೆ ಉಳಿದ ದೋಷಕ್ಕೆ ಯಾವ ತಪಸ್ಸೂ ಪರಿಹಾರವಾಗದು.

ಈ ವಿಧಿ ಮುನಿಗೆ ಹೇಳಿದ್ದು. ಶ್ರಾವಕನಿಗೂ ಅವನ ಮಿತಿಯಲ್ಲಿ ಅನ್ವಯಿಸತಕ್ಕದ್ದು. ಆದರೆ ಇಂದಿನ ಶ್ರಾವಕನು ಒಬ್ಬನೇ ನಿಂತು ಕೆಲಸ ಮಾಡುವವನಲ್ಲ. ಅವನು ಬಸದಿಯ ಆಡಳಿತ ಮಂಡಳಿಯ ಸದಸ್ಯ, ವಿದ್ಯಾರ್ಥಿನಿಲಯದ ಮೇಲ್ವಿಚಾರಕ, ಆಸ್ಪತ್ರೆಯ ವೈದ್ಯ, ಕಾರ್ಖಾನೆಯ ಎಂಜಿನಿಯರು. ಅವನ ಕೈಯಿಂದಾಗುವ ಹಿಂಸೆಯೂ ಅಹಿಂಸೆಯೂ ಬಹುಪಾಲು ಸಂಸ್ಥೆಯ ಮೂಲಕವೇ ಆಗುತ್ತವೆ. ಹಾಗಾದರೆ ಸಂಸ್ಥೆಯಲ್ಲಿ ನಡೆದ ತಪ್ಪಿಗೆ ಆಲೋಚನೆ ಯಾವುದು? ಯಾರು ಹೇಳಬೇಕು, ಯಾರಿಗೆ ಹೇಳಬೇಕು? ಯಾರಿಗೂ ಪೆಟ್ಟಾಗದೆ ಕಳೆದುಹೋದ ತಪ್ಪನ್ನೂ ಹೇಳಬೇಕೆ? ಇನ್ನೊಬ್ಬನ ತಪ್ಪನ್ನು ತಿಳಿಸಿದರೆ ಅದು ಚಾಡಿಯಾಗದೆ? ಈ ಪ್ರಶ್ನೆಗಳು ವಿಚಾರಣೀಯವಾಗಿವೆ.

ಬೀಳದೆ ಉಳಿದವನ ಮೌನ

ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನು ಕಂಡವರಿಗೆ ಈ ವಿಚಾರ ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಹೆಸರಿನ ಆ ಬೆಟ್ಟ ಸಮುದ್ರಮಟ್ಟದಿಂದ 1,226 ಮೀಟರು ಎತ್ತರದಲ್ಲಿ ನಿಂತ ಬೃಹತ್ ಏಕಶಿಲೆ. ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ದೇವಾಲಯಗಳಿವೆ. ನೆತ್ತಿಯಲ್ಲಿ ನಂದಿಯ ಮಂಟಪವಿದೆ. ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ಯಾತ್ರಿಕನ ಕಾಲಿಗೆ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳ ಆಸರೆಯಿದೆ. ಸಾವನದುರ್ಗದಲ್ಲಿ ಹತ್ತುವ ದಾರಿಯ ಬಹುಭಾಗ ಬರಿಯ ಬಂಡೆ. ಒಣಗಿದ್ದಾಗ ಕಾಲನ್ನು ಹಿಡಿಯುವ ಆ ಬಂಡೆ ಮಳೆ ಬಿದ್ದು ಪಾಚಿ ಕಟ್ಟಿದಾಗ ಕಾಲನ್ನು ಬಿಟ್ಟುಬಿಡುತ್ತದೆ.

ಇಂಥ ಬಂಡೆಯ ಮೇಲೆ ಒಬ್ಬನ ಕಾಲು ಜಾರಿತೆಂದು ಭಾವಿಸೋಣ. ಅವನು ಕೈಯೂರಿ ಸಾವರಿಸಿಕೊಂಡ, ಅಂಗೈ ತರಚಿತು, ಅಷ್ಟೇ. ಕೆಳಗಿಳಿದವನು ನಕ್ಕು ಮನೆಗೆ ಹೋಗುತ್ತಾನೆ. ಮರುದಿನ ಅದೇ ಇಳಿಜಾರಿನಲ್ಲಿ ಇನ್ನೊಬ್ಬನು ಜಾರುತ್ತಾನೆ. ಅವನಿಗೆ ಊರಲು ಕೈ ಸಿಗುವುದಿಲ್ಲ. ಎರಡನೆಯವನ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಮೊದಲನೆಯವನ ಸುದ್ದಿ ಎಲ್ಲಿಯೂ ಇಲ್ಲ. ಆದರೆ ಎರಡನೆಯವನನ್ನು ಉಳಿಸಬಹುದಾಗಿದ್ದ ತಿಳಿವಳಿಕೆ ಇದ್ದದ್ದು ಮೊದಲನೆಯವನ ಬಳಿಯಲ್ಲಿ. ಎಲ್ಲಿ ಜಾರುತ್ತದೆ, ಯಾವ ಹೊತ್ತಿನಲ್ಲಿ ಜಾರುತ್ತದೆ ಎಂಬುದನ್ನು ಅವನು ಒಂದು ಮಾತಿನಲ್ಲಿ ಹೇಳಬಹುದಿತ್ತು. ‘ಪುಣ್ಯ ನೆಟ್ಟಗಿತ್ತು, ಉಳಿದೆ’ ಎಂದುಕೊಂಡು ಅವನು ಸುಮ್ಮನಾದ. ತನ್ನ ಪುಣ್ಯೋದಯವನ್ನು ನೆನೆದವನು ಮುಂದೆ ಬರುವವನ ಕಾಲನ್ನು ನೆನೆಯಲಿಲ್ಲ.

ಈ ಬೆಟ್ಟದ ಚರಿತ್ರೆಯೂ ಇದಕ್ಕೆ ಹೊಂದುವ ಒಂದು ಪಾಠವನ್ನು ಹೇಳುತ್ತದೆ. ಮಾಗಡಿ ಕೆಂಪೇಗೌಡರ ವಂಶದವರ ಆಸರೆಯಾಗಿದ್ದ ಈ ದುರ್ಗ 1728ರಲ್ಲಿ ಮೈಸೂರಿನ ಅಧೀನವಾಯಿತು. ಕಡಿದಾದ ಬಂಡೆ, ಸುತ್ತಲಿನ ದಟ್ಟ ಕಾಡು, ರೋಗ ತರುವ ಗಾಳಿ ಎಂಬ ಹೆಸರು, ಇವುಗಳಿಂದಾಗಿ ಇದು ಯಾರಿಗೂ ದಕ್ಕದ ಕೋಟೆಯೆಂಬ ಪ್ರತೀತಿಯಿತ್ತು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಕೆಲವೇ ದಿನಗಳ ಮುತ್ತಿಗೆಯ ಬಳಿಕ ಅದನ್ನು ಟಿಪ್ಪು ಸುಲ್ತಾನನ ಕಾವಲಿನಿಂದ ಕಿತ್ತುಕೊಂಡಿತು. ‘ಇಲ್ಲಿ ಏನೂ ಆಗದು’ ಎಂಬ ನಂಬಿಕೆ ಕೋಟೆಗೆ ಗೋಡೆಯಾಗಲಿಲ್ಲ. ಸಂಸ್ಥೆಗಳಿಗೂ ಅದು ಗೋಡೆಯಲ್ಲ. ಎಲ್ಲಿ ಈ ನಂಬಿಕೆ ಬಲವಾಗಿದೆಯೋ ಅಲ್ಲಿ ಬಿರುಕನ್ನು ಕಂಡವನು ಬಾಯಿ ತೆರೆಯಲು ನಾಚುತ್ತಾನೆ.

ಎರಡು ವಿಮಾನಗಳು, ಒಂದು ಬೆಟ್ಟ

ಜಾರಿ ಉಳಿದವನ ಮಾತಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಆಧುನಿಕ ಜಗತ್ತು ದುಬಾರಿ ದಂಡ ತೆತ್ತು ಕಲಿಯಿತು. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಸಮೀಪ ಟಿಡಬ್ಲ್ಯೂಎ ಸಂಸ್ಥೆಯ ವಿಮಾನವೊಂದು ಇಳಿಯುವ ಮುನ್ನ ಬೆಟ್ಟಕ್ಕೆ ಬಡಿದು, ಅದರಲ್ಲಿದ್ದ 92 ಮಂದಿಯೂ ಮೃತರಾದರು. ನಿಯಂತ್ರಣ ಕೇಂದ್ರದ ಅಪ್ಪಣೆಯ ಮಾತನ್ನು ಚಾಲಕರು ಒಂದು ಬಗೆಯಲ್ಲಿ ತಿಳಿದರು, ಕೇಂದ್ರದವರು ಇನ್ನೊಂದು ಬಗೆಯಲ್ಲಿ ತಿಳಿದಿದ್ದರು. ವಿಚಾರಣೆಯಲ್ಲಿ ಹೊರಬಂದ ಸಂಗತಿ ಇನ್ನೂ ದಾರುಣ. ಆರು ವಾರಗಳ ಹಿಂದೆ ಬೇರೊಂದು ಸಂಸ್ಥೆಯ ವಿಮಾನ ಅದೇ ತಪ್ಪು ತಿಳಿವಳಿಕೆಯಿಂದ ಅದೇ ಬೆಟ್ಟದ ಸಮೀಪಕ್ಕೆ ಇಳಿದು, ಕೂದಲೆಳೆಯ ಅಂತರದಲ್ಲಿ ಪಾರಾಗಿತ್ತು. ಅದರ ಚಾಲಕರು ತಮ್ಮ ಸಂಸ್ಥೆಗೆ ತಿಳಿಸಿದ್ದರು. ಆ ಸಂಸ್ಥೆ ತನ್ನ ಚಾಲಕರನ್ನು ಎಚ್ಚರಿಸಿತ್ತು. ಮಾತು ಆ ಅಂಗಳ ದಾಟಿ ಹೋಗಲಿಲ್ಲ.

ಆ ಬಳಿಕ ಅಮೆರಿಕದ ವಿಮಾನಯಾನ ಆಡಳಿತವು ತಪ್ಪುಗಳನ್ನು ತಿಳಿಸುವ ಒಂದು ಏರ್ಪಾಡನ್ನು 1975ರಲ್ಲಿ ಆರಂಭಿಸಿತು. ಆದರೆ ಪರವಾನಗಿ ಕಸಿದು ದಂಡ ಹಾಕುವ ಅಧಿಕಾರವೂ ಅದೇ ಆಡಳಿತದ ಕೈಯಲ್ಲಿದ್ದುದರಿಂದ ಚಾಲಕರಿಗೆ ನಂಬಿಕೆ ಹುಟ್ಟಲಿಲ್ಲ. ಆದ್ದರಿಂದ 1976ರಲ್ಲಿ ಆ ಕಾರ್ಯವನ್ನು ದಂಡಾಧಿಕಾರವಿಲ್ಲದ ನಾಸಾ ಸಂಸ್ಥೆಗೆ ಒಪ್ಪಿಸಲಾಯಿತು. ಅಲ್ಲಿ ಬಂದ ವರದಿಗಳಿಂದ ಹೆಸರನ್ನೂ ಗುರುತನ್ನೂ ತೆಗೆದುಹಾಕಿ, ಪಾಠವನ್ನಷ್ಟೇ ಎಲ್ಲರಿಗೂ ಹಂಚುತ್ತಾರೆ. ಉದ್ದೇಶಪೂರ್ವಕವಲ್ಲದ ಲೋಪವನ್ನು ಹತ್ತು ದಿನಗಳೊಳಗೆ ತಿಳಿಸಿದವನಿಗೆ ದಂಡನೆಯಿಂದ ರಕ್ಷಣೆ ದೊರೆಯುತ್ತದೆ. ಅಪರಾಧಕ್ಕೂ ನಡೆದೇಹೋದ ಅಪಘಾತಕ್ಕೂ ಆ ರಕ್ಷಣೆಯಿಲ್ಲ.

ಕನ್ನಡ ನಾಡಿನ ದುರಂತವೂ ಇದೇ ಪ್ರಶ್ನೆಯನ್ನು ಎತ್ತುತ್ತದೆ. 2010ರ ಮೇ 22ರ ಬೆಳಿಗ್ಗೆ ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ದುಬೈಯಿಂದ ಬಂದ ವಿಮಾನವು ಓಡುದಾರಿಯನ್ನು ಮೀರಿ ಕಣಿವೆಗೆ ಬಿದ್ದಿತು. 166 ಮಂದಿಯಲ್ಲಿ 158 ಮಂದಿ ಮಡಿದರು. ಇಳಿಯುವ ಯತ್ನವನ್ನು ಬಿಟ್ಟು ಮತ್ತೆ ಮೇಲೇರುವಂತೆ ಸಹಚಾಲಕನು ಮೂರು ಬಾರಿ ಕೂಗಿ ಹೇಳಿದರೂ ಮುಖ್ಯ ಚಾಲಕನು ಇಳಿಯುವುದನ್ನೇ ಮುಂದುವರಿಸಿದನೆಂದು ವಿಚಾರಣಾ ನ್ಯಾಯಾಲಯ ನಿರ್ಣಯಿಸಿತು. ಸಹಚಾಲಕನಿಗಿದ್ದ ಅಧಿಕಾರದ ಬಗೆಗೆ ಸೂಚನೆಗಳು ಸ್ಪಷ್ಟವಾಗಿರದಿದ್ದುದೂ ಒಂದು ಕಾರಣವಾಗಿರಬಹುದೆಂದು ಅದು ಗುರುತಿಸಿತು. ಹೇಳುವವನು ಇದ್ದರೆ ಸಾಲದು, ಕೇಳುವವನೂ ಇರಬೇಕು. ಕಿರಿಯನ ಮಾತಿಗೆ ತೂಕ ಕೊಡುವ ವ್ಯವಸ್ಥೆಯೂ ಇರಬೇಕು.

ತಪ್ಪಾಗದ ದಿನವೂ ಪ್ರತಿಕ್ರಮಣ

ತಪ್ಪು ಕಣ್ಣಿಗೆ ಬಿದ್ದಾಗಷ್ಟೇ ಹೇಳಿದರೆ ಸಾಲದೆ ಎಂಬ ಸಂದೇಹ ಸಹಜ. ಮೂಲಾಚಾರವು ಇದಕ್ಕೆ ಉತ್ತರವಾಗಬಲ್ಲ ಸೂಕ್ಷ್ಮವಾದ ಸಂಗತಿಯನ್ನು ಹೇಳುತ್ತದೆ. ನಡುವಣ ಇಪ್ಪತ್ತೆರಡು ತೀರ್ಥಂಕರರ ಶಿಷ್ಯರು ದೋಷವಾದಾಗ ಮಾತ್ರ ಪ್ರತಿಕ್ರಮಣ ಮಾಡುತ್ತಿದ್ದರು. ಆದಿನಾಥರ ಮತ್ತು ಮಹಾವೀರರ ತೀರ್ಥದಲ್ಲಾದರೋ ದೋಷವಾಗಲಿ ಆಗದಿರಲಿ, ಪ್ರತಿಕ್ರಮಣ ವಿಹಿತ. ನಡುವಣವರು ಸ್ಥಿರಬುದ್ಧಿಯುಳ್ಳವರು, ತಮ್ಮ ತಪ್ಪನ್ನು ತಾವೇ ಹಿಡಿಯಬಲ್ಲವರು. ಮೊದಲಿನವರೂ ಕೊನೆಯವರೂ ಹಾಗಲ್ಲ. ಅವರಿಗೆ ತಮ್ಮ ದೋಷ ತಮಗೆ ಕಾಣದೆ ಹೋಗಬಹುದು. ಆದಕಾರಣ ಹಗಲು, ಇರುಳು, ಪಕ್ಷ, ಚಾತುರ್ಮಾಸ, ಸಂವತ್ಸರ ಎಂದು ಕಾಲ ಗೊತ್ತುಮಾಡಿದರು. ನಡೆದ ದಾರಿಗೂ ಈರ್ಯಾಪಥಿಕವೆಂಬ ಪ್ರತಿಕ್ರಮಣವನ್ನು ವಿಧಿಸಿದರು. ಯಾವ ಜೀವಿ ಕಾಲಿಗೆ ಸಿಕ್ಕಿತೆಂದು ತಿಳಿದ ಮೇಲೆ ಮಾಡುವ ಕ್ರಿಯೆ ಇದಲ್ಲ. ತಿಳಿಯದೆ ಸಿಕ್ಕಿರಬಹುದೆಂಬ ಎಚ್ಚರದಿಂದ ಮಾಡತಕ್ಕದ್ದು.

ಸಂಸ್ಥೆಯೆಂಬುದು ಮಹಾವೀರರ ತೀರ್ಥದ ಶಿಷ್ಯನಂತೆ. ಅದಕ್ಕೆ ತನ್ನ ಬೆನ್ನು ಕಾಣುವುದಿಲ್ಲ. 2009ರ ನವೆಂಬರಿನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಕುಡಿಯುವ ನೀರಿನ ಶೀತಕಕ್ಕೆ ಟ್ರೀಷಿಯಂ ಬೆರೆತ ನೀರು ಸೇರಿತ್ತು. ಐವತ್ತಕ್ಕೂ ಹೆಚ್ಚು ಕಾರ್ಮಿಕರ ದೇಹಕ್ಕೆ ಅದು ಹೊಕ್ಕಿತು. ಅದನ್ನು ಬಯಲಿಗೆ ತಂದದ್ದು ಕಾರ್ಮಿಕರ ಮೂತ್ರದ ವಾಡಿಕೆಯ ಪರೀಕ್ಷೆ. ನೀರಿಗೆ ಬೆರೆಸಿದವರು ಬಂದು ಒಪ್ಪಿಕೊಳ್ಳಲಿಲ್ಲ, ಕುಡಿದವರಿಗೆ ರುಚಿಯಿಂದ ತಿಳಿಯುವಂತಿರಲಿಲ್ಲ. ತಪ್ಪಾಗಿದೆಯೆಂದು ತಿಳಿದ ಮೇಲೆಯೇ ಪರೀಕ್ಷಿಸುತ್ತೇವೆ ಎಂಬ ನಿಯಮವಿದ್ದಿದ್ದರೆ ಆ ಪರೀಕ್ಷೆ ನಡೆಯುತ್ತಲೇ ಇರಲಿಲ್ಲ. ಗೊತ್ತುಮಾಡಿದ ದಿನದ ಪ್ರತಿಕ್ರಮಣಕ್ಕೆ ಇರುವ ಬೆಲೆ ಇದೇ.

ಉಪಗೂಹನವೆಂಬ ಆಕ್ಷೇಪ

ಇಲ್ಲಿ ಜೈನ ಸಮಾಜದಲ್ಲಿಯೇ ಹುಟ್ಟುವ ಒಂದು ಆಕ್ಷೇಪವನ್ನು ಎದುರಿಸಬೇಕು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಅಜ್ಞಾನಿಯಿಂದಲೋ ಅಶಕ್ತನಿಂದಲೋ ಧರ್ಮಕ್ಕೆ ಬಂದ ನಿಂದೆಯನ್ನು ಮುಚ್ಚಬೇಕೆಂದು ಆಚಾರ್ಯರ ಉಪದೇಶವಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೂ ಸಾಕಾರಮಂತ್ರಭೇದವೂ ಸೇರಿವೆ. ಪರರ ಗುಟ್ಟನ್ನು ಹೊರಗೆಡಹುವುದು ದೋಷವೆಂದೇ ಅದರ ಅರ್ಥ. ಹೀಗಿರುವಾಗ ಬಸದಿಯಲ್ಲಾದ ಲೋಪವನ್ನು, ವಿದ್ಯಾರ್ಥಿನಿಲಯದಲ್ಲಾದ ಅನುಚಿತವನ್ನು ಎತ್ತಿ ಆಡುವುದು ಧರ್ಮದ್ರೋಹವಲ್ಲವೆ? ‘ಮನೆಯ ಮಾತು ಮನೆಯಲ್ಲೇ ಇರಲಿ’ ಎಂದು ಹಿರಿಯರು ಹೇಳುವಾಗ ಅವರ ಬೆನ್ನ ಹಿಂದೆ ಈ ಶಾಸ್ತ್ರವಾಕ್ಯವಿರುತ್ತದೆ.

ಉಪಗೂಹನಾಂಗಕ್ಕೆ ದೃಷ್ಟಾಂತವಾಗಿ ಹೇಳುವ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಪೂರ್ತಿಯಾಗಿ ನೋಡಿದರೆ ಈ ಆಕ್ಷೇಪಕ್ಕೆ ಸಮಾಧಾನ ಅಲ್ಲಿಯೇ ದೊರೆಯುತ್ತದೆ. ಕ್ಷುಲ್ಲಕನ ವೇಷ ತೊಟ್ಟ ಕಳ್ಳನೊಬ್ಬ ಶ್ರೇಷ್ಠಿಯ ಗೃಹಚೈತ್ಯಾಲಯದಲ್ಲಿ ಪಾರ್ಶ್ವನಾಥರ ಮೇಲಿದ್ದ ಛತ್ರದ ವೈಡೂರ್ಯವನ್ನು ಕದ್ದು ಓಡುತ್ತಾನೆ. ಕಾವಲುಗಾರರು ಬೆನ್ನಟ್ಟುತ್ತಾರೆ, ಅವನು ಶ್ರೇಷ್ಠಿಯ ಮರೆಹೊಗುತ್ತಾನೆ. ತಾನೇ ತರಲು ಹೇಳಿದ್ದೆನೆಂದು ನುಡಿದು ಶ್ರೇಷ್ಠಿ ಅವರನ್ನು ಹಿಂದಕ್ಕೆ ಕಳುಹಿಸುತ್ತಾನೆ. ಜನ ನೆನಪಿಟ್ಟುಕೊಳ್ಳುವುದು ಇಷ್ಟನ್ನೇ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಶ್ರೇಷ್ಠಿ ಆ ಕಳ್ಳನನ್ನು ಏಕಾಂತದಲ್ಲಿ ಖಂಡಿಸಿ ಹೊರಹಾಕುತ್ತಾನೆ. ರತ್ನ ಅವನ ಪಾಲಾಗಲಿಲ್ಲ, ವೇಷವೂ ಅಲ್ಲಿ ಮುಂದುವರಿಯಲಿಲ್ಲ. ಶ್ರೇಷ್ಠಿ ಮುಚ್ಚಿದ್ದು ಧರ್ಮಕ್ಕೆ ಬರಬಹುದಾಗಿದ್ದ ಅಪವಾದವನ್ನು. ಕಳ್ಳತನದ ದಾರಿಯನ್ನು ಅವನು ತೆರೆದು ಬಿಡಲಿಲ್ಲ.

ಈ ಭೇದವನ್ನು ಮರೆತಾಗ ಉಪಗೂಹನವು ಅನುಮೋದನೆಯಾಗುತ್ತದೆ. ಕೃತ, ಕಾರಿತ, ಅನುಮೋದಿತ ಎಂದು ಆಸ್ರವಕ್ಕೆ ಮೂರು ದ್ವಾರಗಳನ್ನು ಹೇಳಿದ ಶಾಸ್ತ್ರದಲ್ಲಿ ಸುಮ್ಮನಿರುವವನಿಗೆ ವಿನಾಯಿತಿಯಿಲ್ಲ. ಪ್ರಮಾದದ ಯೋಗದಿಂದಾಗುವ ಪ್ರಾಣಹಾನಿಯೇ ಹಿಂಸೆಯೆಂಬುದು ಉಮಾಸ್ವಾಮಿಗಳ ಲಕ್ಷಣ. ಅಟ್ಟಣೆಯ ಹಗ್ಗ ಸವೆದಿದೆಯೆಂದು ಒಬ್ಬ ಕೆಲಸದಾಳು ಕಳೆದ ವರ್ಷವೇ ಕಂಡಿದ್ದು, ಹೇಳಲು ಅಂಜಿದ್ದನೆನ್ನಿ. ಅಥವಾ ಅವನು ಹೇಳಿಯೂ ಮಂಡಳಿಯವರು ‘ಉತ್ಸವದ ಹೊತ್ತಿನಲ್ಲಿ ಅಪಶಕುನ ನುಡಿಯಬೇಡ’ ಎಂದಿದ್ದರೆನ್ನಿ. ಈ ವರ್ಷ ಅದು ಹರಿದರೆ ಅದನ್ನು ದೈವವೆನ್ನುವಂತಿಲ್ಲ. ಅದು ಪ್ರಮಾದ, ಆದ್ದರಿಂದ ಅದು ಹಿಂಸೆ. ನೀರನ್ನು ಸೋಸಿ ಕುಡಿಯುವ ಸಮಾಜ ತನ್ನ ಅಟ್ಟಣೆಯ ಹಗ್ಗವನ್ನು ನೋಡದಿರುವುದು ಯುಕ್ತವಲ್ಲ.

ಪರದೋಷವನ್ನು ತಿಳಿಸುವುದಕ್ಕೂ ಪೈಶೂನ್ಯಕ್ಕೂ ಇರುವ ಅಂತರವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಚಾಡಿಗೆ ವ್ಯಕ್ತಿಯೇ ಗುರಿ, ವರದಿಗೆ ಘಟನೆ ಗುರಿ. ಚಾಡಿ ಸರಿಪಡಿಸಲಾರದವರ ಕಿವಿಗಳಲ್ಲಿ ಸುತ್ತುತ್ತದೆ. ವರದಿ ಸರಿಪಡಿಸಬಲ್ಲವನ ಬಳಿಗೆ ನೇರವಾಗಿ ಹೋಗುತ್ತದೆ. ಚಾಡಿಯ ಬಳಿಕ ಒಬ್ಬನು ಕುಗ್ಗುತ್ತಾನೆ. ವರದಿಯ ಬಳಿಕ ಒಂದು ಅಪಾಯ ಕುಗ್ಗಬೇಕು.

ಹತ್ತು ದೋಷಗಳ ಕನ್ನಡಿ

ಆಲೋಚನೆ ಮಾಡಿದೆನೆಂದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ. ಶಿವಾರ್ಯರ ಭಗವತೀ ಆರಾಧನೆ ಆಲೋಚನೆಯ ಹತ್ತು ದೋಷಗಳನ್ನು ವಿವರಿಸುತ್ತದೆ. ಕನ್ನಡದ ವಡ್ಡಾರಾಧನೆಯ ಕಥೆಗಳಿಗೂ ಆ ಗ್ರಂಥದ ಪರಂಪರೆಗೂ ಇರುವ ಸಂಬಂಧ ವಿದ್ವಾಂಸರಿಗೆ ತಿಳಿದದ್ದೇ. ಮುನಿಸಂಘಕ್ಕಾಗಿ ಹೇಳಿದ ಆ ಹತ್ತು ದೋಷಗಳು ಇಂದಿನ ಕಚೇರಿಗೂ ಟ್ರಸ್ಟಿಗೂ ಕನ್ನಡಿ ಹಿಡಿಯುತ್ತವೆ.

ಗುರುವಿಗೆ ಉಪಕಾರ ಮಾಡಿ, ಅನುಕಂಪ ಹುಟ್ಟಿಸಿ, ಆಮೇಲೆ ತಪ್ಪು ಹೇಳುವುದು ಆಕಂಪಿತ. ತಾನು ದುರ್ಬಲನೆಂದು ಮುಂಚೆಯೇ ಸೂಚಿಸಿ, ದಂಡ ಲಘುವಾಗುವುದೆಂದು ಊಹಿಸಿದ ಮೇಲೆ ಹೇಳುವುದು ಅನುಮಾನಿತ. ಇತರರು ಕಂಡದ್ದನ್ನು ಮಾತ್ರ ಹೇಳುವುದು ದೃಷ್ಟ. ಸಾಕ್ಷಿಯಿಲ್ಲದ ಲೋಪಗಳು ದಾಖಲೆಗೆ ಬಾರದಿರುವುದು ಇದರಿಂದಲೇ. ದೊಡ್ಡದನ್ನಷ್ಟೇ ಹೇಳಿ ಚಿಕ್ಕದನ್ನು ಬಿಡುವುದು ಬಾದರ. ಚಿಕ್ಕದನ್ನು ಬಿಡಿಬಿಡಿಯಾಗಿ ಹೇಳಿ ದೊಡ್ಡದನ್ನು ಅಡಗಿಸುವುದು ಸೂಕ್ಷ್ಮ. ಪೊರಕೆ ಕಳೆದದ್ದನ್ನು ಪುಸ್ತಕದಲ್ಲಿ ಬರೆದು ಹುಂಡಿಯ ಲೆಕ್ಕದ ವ್ಯತ್ಯಾಸವನ್ನು ಬರೆಯದಿರುವವನು ಈ ದೋಷಕ್ಕೆ ಭಾಗಿ. ‘ಯಾರಾದರೂ ಹೀಗೆ ಮಾಡಿದರೆ ಏನು ಪ್ರಾಯಶ್ಚಿತ್ತ?’ ಎಂದು ಮರೆಯಲ್ಲಿ ಕೇಳಿ ತಿಳಿದುಕೊಳ್ಳುವುದು ಛನ್ನ.

ಪಾಕ್ಷಿಕಾದಿ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ನಿವೇದಿಸುವ ಗದ್ದಲದಲ್ಲಿ ತನ್ನದನ್ನೂ ಸೇರಿಸಿಬಿಡುವುದು ಶಬ್ದಾಕುಲಿತ. ವಾರ್ಷಿಕ ವರದಿಯ ನೂರು ಪುಟಗಳ ನಡುವೆ ಒಂದು ಸಾಲಾಗಿ ಹೂತ ದುರ್ಘಟನೆ ಇಂಥದು. ಒಬ್ಬ ಗುರು ವಿಧಿಸಿದ್ದನ್ನು ನಂಬದೆ ಹಲವರ ಬಳಿಗೆ ಹೋಗಿ ಕೇಳುವುದು ಬಹುಜನ. ತಿಳಿವಳಿಕೆಯಿಲ್ಲದವನ ಮುಂದೆ ಹೇಳಿ ಕೈತೊಳೆದುಕೊಳ್ಳುವುದು ಅವ್ಯಕ್ತ. ಅದೇ ತಪ್ಪನ್ನು ತಾನೂ ಮಾಡುವವನ ಬಳಿ ಹೇಳುವುದು ತತ್ಸೇವಿ. ಅಲ್ಲಿ ಇಬ್ಬರೂ ನಕ್ಕು ಸುಮ್ಮನಾಗುತ್ತಾರೆ. ಇವುಗಳ ಜೊತೆಗೆ ಸತ್ಯಾಣುವ್ರತದ ಅತಿಚಾರವಾದ ಕೂಟಲೇಖಕ್ರಿಯೆಯನ್ನೂ ನೆನೆಯಬಹುದು. ಮಾಡದ ತಪಾಸಣೆಯನ್ನು ಮಾಡಿದಂತೆ ಪುಸ್ತಕದಲ್ಲಿ ಸಹಿ ಹಾಕುವುದು ಸುಳ್ಳು ಲೇಖವಲ್ಲದೆ ಬೇರೇನಲ್ಲ.

ಕೇಳುವವನ ಗುಣ

ಹೇಳುವವನ ದೋಷಗಳನ್ನು ಎಣಿಸಿದ ಗ್ರಂಥವು ಕೇಳುವವನ ಗುಣಗಳನ್ನೂ ಎಣಿಸಿದೆ ಎಂಬುದು ಗಮನಾರ್ಹ. ನಿರ್ಯಾಪಕಾಚಾರ್ಯನಲ್ಲಿ ಎಂಟು ಗುಣಗಳಿರಬೇಕು. ಅವುಗಳಲ್ಲಿ ಮೂರು ಇಲ್ಲಿ ಪ್ರಸ್ತುತ. ಆತ ವ್ಯವಹಾರವಾನ್ ಆಗಿರಬೇಕು; ಯಾವ ದೋಷಕ್ಕೆ ಯಾವ ಪ್ರಾಯಶ್ಚಿತ್ತವೆಂದು ಅರಿತಿರಬೇಕು. ಅವಪೀಡಕನಾಗಿರಬೇಕು, ಒಳಗೆ ಅಡಗಿಸಿಟ್ಟದ್ದನ್ನು ಹೊರತರಿಸಬಲ್ಲವನಾಗಿರಬೇಕು. ಅಪರಿಸ್ರಾವಿಯಾಗಿರಬೇಕು, ತನ್ನ ಮುಂದೆ ಹೇಳಿದ್ದನ್ನು ಹೊರಗೆ ಸೋರಗೊಡದವನಾಗಿರಬೇಕು. ಶಿಷ್ಯನ ದೋಷವನ್ನು ಹೊರಗೆಡಹಿದ ಆಚಾರ್ಯನು ಆ ಶಿಷ್ಯನೊಬ್ಬನನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಇಡೀ ಗಣದ ನಂಬಿಕೆಯನ್ನು ಕಳೆದುಕೊಳ್ಳುತ್ತಾನೆ. ಆಮೇಲೆ ಯಾರೂ ಬಾಯಿ ತೆರೆಯುವುದಿಲ್ಲ. 1976ರಲ್ಲಿ ವಿಮಾನ ಚಾಲಕರ ವರದಿಗಳನ್ನು ದಂಡಾಧಿಕಾರವಿಲ್ಲದವರ ಕೈಗೆ ಒಪ್ಪಿಸಿದವರು ಅಪರಿಸ್ರಾವಿ ಎಂಬ ಶಬ್ದವನ್ನು ಕೇಳಿದವರಲ್ಲ. ಆದರೂ ಅವರು ತಲುಪಿದ್ದು ಅದೇ ನೆಲೆಯನ್ನು.

ಹಾಗೆಂದು ಹೇಳಿದ ತಪ್ಪೆಲ್ಲವೂ ಕ್ಷಮಾರ್ಹವೆಂದು ತಿಳಿಯಬಾರದು. ಪ್ರಾಯಶ್ಚಿತ್ತದ ಭೇದಗಳಲ್ಲಿ ಆಲೋಚನೆ ಮಾತ್ರದಿಂದ ಶುದ್ಧವಾಗುವ ದೋಷಗಳೂ ಇವೆ. ಛೇದ, ಪರಿಹಾರ, ಉಪಸ್ಥಾಪನೆಗಳ ತನಕ ಹೋಗುವ ದೋಷಗಳೂ ಇವೆ. ಮೈಮರೆತು ದೀಪವನ್ನು ಉರಿಯಬಿಟ್ಟ ಅರ್ಚಕನಿಗೂ, ತಿಳಿದೂ ತಿಳಿದೂ ನಿಧಿಯನ್ನು ಬೇರೆಡೆಗೆ ಸಾಗಿಸಿದ ಕಾರ್ಯದರ್ಶಿಗೂ ಒಂದೇ ತೂಕವಲ್ಲ. ಮಕ್ಕಳಿಗೆ ಹಿಂಸೆಯಾದಲ್ಲಿ, ಪ್ರಾಣ ಹೋದಲ್ಲಿ ಕಾನೂನಿಗೆ ಒಪ್ಪಿಸಬೇಕಾದದ್ದನ್ನು ಒಪ್ಪಿಸಲೇಬೇಕು. ಅಪರಿಸ್ರಾವಿತ್ವ ಅಪರಾಧಿಗೆ ಗುಹೆಯಲ್ಲ. ಆದರೆ ಪ್ರಮಾದದಿಂದಾದ ಲೋಪವನ್ನು ತಾನಾಗಿ ಬಂದು ಹೇಳಿದವನನ್ನೇ ಮೊದಲು ಶಿಕ್ಷಿಸುವ ಸಂಸ್ಥೆಯು ಎಲ್ಲರಿಗೂ ಮೌನವನ್ನು ಕಲಿಸುತ್ತದೆ.

2025ರ ಜನವರಿ 28ರಂದು ಉತ್ತರ ಪ್ರದೇಶದ ಬಾಗಪತ ಜಿಲ್ಲೆಯ ಬರೌತಿನಲ್ಲಿ ಆದಿನಾಥ ತೀರ್ಥಂಕರರ ನಿರ್ವಾಣೋತ್ಸವದ ವೇಳೆ ಮರದ ಅಟ್ಟಣೆ ಕುಸಿದು ಏಳು ಮಂದಿ ಅಸುನೀಗಿದರು, ಅನೇಕರು ಗಾಯಗೊಂಡರು. ನಿರ್ವಾಣ ಲಾಡು ಅರ್ಪಿಸಲು ಮೆಟ್ಟಿಲೇರಿದ ಭಕ್ತರ ಆ ಸಾವು ದೇಶದ ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಗೂ ಒಂದು ಪ್ರಶ್ನೆ. ಉತ್ಸವಕ್ಕೆ ಮುನ್ನ ಅಟ್ಟಣೆಯನ್ನು ಯಾರು ನೋಡುತ್ತಾರೆ? ನೋಡಿದವನು ಯಾರಿಗೆ ಹೇಳುತ್ತಾನೆ? ಅವನು ಕೂಲಿಯವನಾದರೆ ಅವನ ಮಾತಿನಿಂದ ಉತ್ಸವ ಒಂದು ಗಂಟೆಯಾದರೂ ನಿಲ್ಲಬಲ್ಲದೆ?

ಇದಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಪ್ರತಿ ಟ್ರಸ್ಟಿನಲ್ಲಿ ಒಂದು ಪುಸ್ತಕವಿರಲಿ. ಜಾರಿದ ಮೆಟ್ಟಿಲು, ಕಿಡಿ ಹಾರಿದ ತಂತಿ, ಕೆಟ್ಟ ವಾಸನೆ ಬಂದ ಅಡುಗೆ, ತಾಳೆಯಾಗದ ಲೆಕ್ಕ, ಎಲ್ಲವೂ ಅದರಲ್ಲಿ ದಾಖಲಾಗಲಿ. ಪಾಕ್ಷಿಕ ಪ್ರತಿಕ್ರಮಣದ ದಿನ ಮಂಡಳಿಯವರು ಅದನ್ನು ಓದಲಿ. ಏನೂ ಇಲ್ಲದಿದ್ದರೂ ಪುಟ ತೆರೆಯಲಿ. ನಂಬಿಕೆಗೆ ಪಾತ್ರರಾದ, ಹಣಕಾಸಿನ ಅಧಿಕಾರವಿಲ್ಲದ ಒಬ್ಬ ಹಿರಿಯರು ಅಥವಾ ಶ್ರಾವಿಕೆಯೊಬ್ಬರು ಕೇಳುವವರಾಗಿರಲಿ. ಹೇಳಿದವನಿಗೆ ಏನು ಸರಿಪಡಿಸಲಾಯಿತೆಂಬ ಉತ್ತರ ಹಿಂದಿರುಗಲಿ. ಉತ್ತರ ಬಾರದ ಕಡೆ ಎರಡನೆಯ ಸಲ ಯಾರೂ ಹೇಳುವುದಿಲ್ಲ.

ಕ್ಷಮಾವಣಿಯ ದಿನ ಪ್ರತಿಯೊಬ್ಬ ಜೈನನೂ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಸಕಲ ಜೀವಿಗಳ ಕ್ಷಮೆ ಬೇಡುತ್ತಾನೆ. ಸಂಸ್ಥೆಗೆ ಕೈ ಮುಗಿಯಲು ಕೈಗಳಿಲ್ಲ. ಅದರ ಕ್ಷಮೆ ಮುಂದಿನ ವರ್ಷದ ಯಾತ್ರಿಕನ ಕಾಲ ಕೆಳಗಿನ ಗಟ್ಟಿಯಾದ ಮೆಟ್ಟಿಲಿನಲ್ಲಿ ಕಾಣಬೇಕು. ಆ ಮೆಟ್ಟಿಲನ್ನು ಗಟ್ಟಿ ಮಾಡಬೇಕಾದರೆ, ಅದು ಅಲುಗಾಡುತ್ತದೆಂದು ಮೊದಲು ಹೇಳಿದವನನ್ನು ಗದರಿಸದೆ ಕೂರಿಸಿ ಕೇಳಬೇಕು.